ಕಂಟ್ರೋಲ್-ಎಸ್ ಒತ್ತಿದವರ ಕಷ್ಟಸುಖ

ಸೊಲಾರಿಸ್ 8 ಎಂಬ ಯೂನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ ಬಂದದ್ದು 2000ದಲ್ಲಿ. ಅದನ್ನು ಮಾಡಿದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯೇ 2010ರಲ್ಲಿ ಒರೇಕಲ್ ಪಾಲಾಯಿತು. ಆದರೂ ಯಾವುದೋ ಕಾರ್ಖಾನೆಯ ಮೂಲೆಯಲ್ಲೋ, ಬೀಗ ಹಾಕಿದ ಯಾವುದೋ ಲ್ಯಾಬಿನಲ್ಲೋ ಅದನ್ನು ಓಡಿಸುವ ಒಂದು ಸ್ಪಾರ್ಕ್ ಪೆಟ್ಟಿಗೆ (ಸನ್‌ನದೇ ಕಂಪ್ಯೂಟರ್) ಇನ್ನೂ ಗುಂಯ್‌ಗುಡುತ್ತಿರುತ್ತದೆ. ಅದು ಏನು ಮಾಡುತ್ತಿದೆ ಎಂದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಆರಿಸುವ ಧೈರ್ಯವೂ ಯಾರಿಗೂ ಇರುವುದಿಲ್ಲ. ಲಿನಕ್ಸ್‌ನಲ್ಲಿ ಪಳಗಿದವರನ್ನು ಅದರ ಮುಂದೆ ಕೂರಿಸಿದರೆ ಕಾಲು ಗಂಟೆಯೊಳಗೆ ಬರುವ ಮೊದಲ ವರದಿ: "ಸಾರ್, ಹ್ಯಾಂಗ್ ಆಗಿದೆ."

ಆಗಿರುವುದಿಲ್ಲ. ವರ್ಡ್ ಬಳಸಿ ಬಳಸಿ ಬೆರಳಿಗೆ ಹತ್ತಿದ ಚಟ ಕಂಟ್ರೋಲ್-ಎಸ್ ಒತ್ತಿರುತ್ತದೆ, ಅಷ್ಟೆ. ಆಜ್ಞೆಗಳನ್ನು ಬರೆಯುವ ಟರ್ಮಿನಲ್‌ನಲ್ಲಿ ಅದರ ಅರ್ಥ "ಸೇವ್ ಮಾಡು" ಅಲ್ಲ, "ಸ್ವಲ್ಪ ತಡೆ". ಟೆಲಿಟೈಪ್ 33 ಎಂಬ ಯಂತ್ರ ಸೆಕೆಂಡಿಗೆ 10 ಅಕ್ಷರ ಮುದ್ರಿಸುತ್ತಿದ್ದ ಕಾಲದಲ್ಲಿ ಕಾಗದದ ಪಟ್ಟಿ ಓದುವ ಸಾಧನವನ್ನು ನಿಲ್ಲಿಸಲು, ಮತ್ತೆ ಹೊರಡಿಸಲು ಇದ್ದ ಸಂಜ್ಞೆಗಳೇ ಕಂಟ್ರೋಲ್-ಎಸ್ ಮತ್ತು ಕಂಟ್ರೋಲ್-ಕ್ಯೂ. ಯಂತ್ರ ಗುಜರಿಗೆ ಹೋಯಿತು, ಸಂಜ್ಞೆ ಉಳಿಯಿತು. ಆದ್ದರಿಂದ ಪರದೆ ಕಲ್ಲಾಗಿ ಕೂತರೆ ಬೇರೇನನ್ನೂ ಮುಟ್ಟುವ ಮೊದಲು ಕಂಟ್ರೋಲ್-ಕ್ಯೂ ಒತ್ತಿ. ಗಾಬರಿಯಲ್ಲಿ ನೀವು ಬಡಿದದ್ದೆಲ್ಲ ಅಷ್ಟು ಹೊತ್ತೂ ಸಾಲಿನಲ್ಲಿ ಕಾಯುತ್ತಿದ್ದು ಈಗ ಒಟ್ಟಿಗೇ ಓಡುತ್ತದೆ, ಹಾಗಾಗಿ ಏನು ಬಡಿದಿರಿ ಎಂಬುದರ ಮೇಲೆ ಮುಂದಿನ ಕಥೆ. ಚಟ ಬಿಡಲಾಗದವರು ಟರ್ಮಿನಲ್ಲಿನ ನಡತೆ ತಿದ್ದುವ ಆಜ್ಞೆಯಾದ 'ಎಸ್‌ಟಿಟಿವೈ ಹೈಫನ್ ಐಕ್ಸಾನ್' ಎಂದು ಕೊಟ್ಟರೆ ಈ ಸೌಲಭ್ಯವೇ ರದ್ದು.

ಅದೇ ಟೆಲಿಟೈಪಿಗೆ ಸಣ್ಣ ಅಕ್ಷರಗಳೇ ಇರಲಿಲ್ಲ. ಹೀಗಾಗಿ ಹಳೆಯ ಯೂನಿಕ್ಸ್‌ಗಳಿಗೆ ಒಂದು ಸೌಜನ್ಯ ರೂಢಿಯಾಗಿಬಿಟ್ಟಿದೆ. ಟರ್ಮಿನಲ್ಲನ್ನು ಯಂತ್ರಕ್ಕೆ ಜೋಡಿಸುವ ಸೀರಿಯಲ್ ಲೈನಿನಲ್ಲಿ ಲಾಗಿನ್ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಕೊಟ್ಟರೆ, "ಪಾಪ, ಇವರ ಬಳಿ ಇರುವುದು ಅಷ್ಟೇ" ಎಂದುಕೊಂಡು ಅದು ಅಲ್ಲಿಂದಾಚೆ ಎಲ್ಲವನ್ನೂ ದೊಡ್ಡಕ್ಷರದಲ್ಲೇ ತೋರಿಸುತ್ತದೆ. ನಿಜಕ್ಕೂ ದೊಡ್ಡದಾಗಿರುವ ಅಕ್ಷರದ ಮುಂದೆ ಗುರುತಿಗೊಂದು ಬ್ಯಾಕ್‌ಸ್ಲ್ಯಾಶ್ ಇಡುತ್ತದೆ. ಕ್ಯಾಪ್ಸ್‌ಲಾಕ್ ದೀಪ ನೋಡದವರಿಗೆ ಸರ್ವರ್ ತಮ್ಮ ಮೇಲೆ ಕಿರುಚಾಡುತ್ತಿರುವಂತೆ ಕಾಣುತ್ತದೆ. ದೀಪ ಆರಿಸಿ, 'ಎಸ್‌ಟಿಟಿವೈ ಹೈಫನ್ ಎಲ್‌ಕೇಸ್' ಎಂದು ಕೊಡಿ, ಸಮಾಧಾನವಾಗುತ್ತದೆ.

ಬ್ಯಾಕ್‌ಸ್ಪೇಸ್‌ನ ಕಥೆ ಇದಕ್ಕಿಂತ ರೋಚಕ. ಸೊಲಾರಿಸ್ ಅಳಿಸುವ ಅಕ್ಷರವಾಗಿ ನಿರೀಕ್ಷಿಸುವುದು ಡಿಲೀಟ್, ಅಂದರೆ 127ನೇ ಸಂಕೇತವನ್ನು. ಹಲವು ಟರ್ಮಿನಲ್‌ಗಳ ಬ್ಯಾಕ್‌ಸ್ಪೇಸ್ ಕಳಿಸುವುದು ಕಂಟ್ರೋಲ್-ಎಚ್, ಅಂದರೆ 8. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೊಡದೆ ಪರದೆಯ ಮೇಲೆ ಟೊಪ್ಪಿ (^) ಹಾಕಿದ ಎಚ್‌ಗಳ ಮೆರವಣಿಗೆ ಹೊರಡುತ್ತದೆ. ಕಣ್ಣಿಗೆ ಕಂಡರೆ ಪರವಾಗಿಲ್ಲ. ಪಾಸ್‌ವರ್ಡ್ ಕೇಳುವಲ್ಲಿ ಏನೂ ಕಾಣುವುದೇ ಇಲ್ಲ. ಒಂದಕ್ಷರ ತಪ್ಪಿತೆಂದು ಅಳಿಸುತ್ತೀರಿ, ಅಳಿಸುವ ಕೀಲಿಯೂ ಪಾಸ್‌ವರ್ಡಿನೊಳಗೆ ಸೇರಿ ಕೂರುತ್ತದೆ, "ಲಾಗಿನ್ ಇನ್‌ಕರೆಕ್ಟ್" ಎಂಬ ಉತ್ತರ ಬರುತ್ತದೆ. ಅಲ್ಲಿ ತಪ್ಪಿದರೆ ಅಳಿಸಲು ಹೋಗದೆ ಕಂಟ್ರೋಲ್-ಯು ಒತ್ತಿ ಮೊದಲಿಂದ ಬರೆಯುವುದು ಕ್ಷೇಮ.

ಶಾಶ್ವತ ಪರಿಹಾರಕ್ಕೆ ಲಾಗಿನ್ ಆದಾಗ ತಾನಾಗಿ ಓಡುವ ಪ್ರೊಫೈಲ್ ಫೈಲಿನಲ್ಲಿ 'ಎಸ್‌ಟಿಟಿವೈ ಇರೇಸ್' ಬರೆದು, ಮುಂದೆ ಟೊಪ್ಪಿ ಚಿಹ್ನೆ ಮತ್ತು ಎಚ್ ಹಾಕಬೇಕು. ಈ ಎರಡನ್ನೂ ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು. ಏಕೆಂದರೆ ನೀವು ಬರೆದ ಆಜ್ಞೆಗಳನ್ನು ಓದಿ ನಡೆಸುವ ಹಳೆಯ ಬೋರ್ನ್ ಶೆಲ್‌ಗೆ ಟೊಪ್ಪಿಯೂ ಪೈಪಿನ, ಅಂದರೆ ಒಂದು ಪ್ರೋಗ್ರಾಮಿನ ಫಲಿತಾಂಶವನ್ನು ಇನ್ನೊಂದಕ್ಕೆ ಹರಿಸುವ ಚಿಹ್ನೆಯ, ಇನ್ನೊಂದು ರೂಪ. ಉದ್ಧರಣ ಚಿಹ್ನೆ ಮರೆತರೆ ಅದು 'ಎಚ್' ಎಂಬ ಪ್ರೋಗ್ರಾಂ ಹುಡುಕಿಕೊಂಡು ಹೋಗಿ, ಸಿಗಲಿಲ್ಲವೆಂದು ನಿಮ್ಮನ್ನೇ ದೂರುತ್ತದೆ.

ಬೋರ್ನ್ ಶೆಲ್ ಎಂದ ಮೇಲೆ ಇನ್ನೊಂದು. ಇಂದಿನ ಲಿನಕ್ಸ್‌ನಿಂದ ಒಳಗೆ ಬಂದರೆ ಟರ್ಮಿನಲ್ಲಿನ ಜಾತಿ ಹೇಳುವ ಟರ್ಮ್ ಎಂಬ ವೇರಿಯಬಲ್ 'ಎಕ್ಸ್‌ಟರ್ಮ್-256ಕಲರ್' ಎಂದು ಹೇಳಿಕೊಳ್ಳುತ್ತದೆ. ಸೊಲಾರಿಸ್ 8 ಅಂಥ ಹೆಸರನ್ನೇ ಕೇಳಿಲ್ಲ. ವಿಐ ಎಂಬ ಎಡಿಟರ್ ತೆರೆದರೆ ಅದು ನಿಮ್ಮದು ಯಾವ ಜಾತಿಯ ಟರ್ಮಿನಲ್ಲೋ ತಿಳಿಯದು ಎಂದು ಗೊಣಗಿ, ಇಡೀ ಪುಟದ ಬದಲು ಒಂದೊಂದೇ ಸಾಲು ತೋರಿಸುವ ಓಪನ್ ಮೋಡಿಗೆ ಇಳಿದುಬಿಡುತ್ತದೆ. ಆಗ ತಾನು 1978ರ ವಿಟಿ100 ಟರ್ಮಿನಲ್ ಎಂದು ಸುಳ್ಳು ಹೇಳಬೇಕು. ಎಲ್ಲ ಯೂನಿಕ್ಸ್‌ಗಳೂ ಕಣ್ಣುಮುಚ್ಚಿ ನಂಬುವ ಸುಳ್ಳು ಅದು. ಆದರೆ ಎಕ್ಸ್‌ಪೋರ್ಟ್ (ವೇರಿಯಬಲ್ಲನ್ನು ಇತರ ಪ್ರೋಗ್ರಾಂಗಳಿಗೂ ತಲುಪಿಸುವ ಆಜ್ಞೆ) ಮತ್ತು ವೇರಿಯಬಲ್ಲಿನ ಬೆಲೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಬೋರ್ನ್ ಶೆಲ್ ಒಪ್ಪುವುದಿಲ್ಲ. ಮೊದಲು ಬೆಲೆ ಕೊಟ್ಟು, ಸೆಮಿಕೋಲನ್ ಹಾಕಿ, ಆಮೇಲೆ ಎಕ್ಸ್‌ಪೋರ್ಟ್ ಮಾಡಬೇಕು. ಇದು ತಲೆನೋವು ಎಂದು ಸರ್ವಾಧಿಕಾರವುಳ್ಳ ರೂಟ್ ಬಳಕೆದಾರನ ಶೆಲ್ಲನ್ನೇ ಲಿನಕ್ಸ್‌ನವರಿಗೆ ಪರಿಚಿತವಾದ ಬ್ಯಾಶ್‌ಗೆ ಬದಲಿಸುವ ಆಸೆ ಹುಟ್ಟುವುದು ಸಹಜ. ಬೇಡ. ರೂಟ್‌ನ ಶೆಲ್ ಎಸ್‌ಬಿನ್ ಡೈರೆಕ್ಟರಿಯಲ್ಲಿ ಇರುವುದಕ್ಕೆ ಕಾರಣವಿದೆ: ಇಲ್ಲಿ ಬಿನ್ ಎನ್ನುವುದು ಯುಎಸ್‌ಆರ್ ಒಳಗಿನ ಬಿನ್‌ಗೆ ಬರೀ ಒಂದು ಕೊಂಡಿ. ಯುಎಸ್‌ಆರ್ ಬೇರೆ ಪಾರ್ಟಿಷನ್‌ನಲ್ಲಿದ್ದು ಒಂದು ದಿನ ಮೌಂಟ್ ಆಗದೆ (ಜೋಡಣೆಯಾಗದೆ) ಕೂತರೆ ಬ್ಯಾಶೂ ಇಲ್ಲ, ರೂಟೂ ಇಲ್ಲ. ಲಾಗಿನ್ ಆದಮೇಲೆ ಬ್ಯಾಶ್ ಎಂದು ಕೈಯಾರೆ ಕೊಟ್ಟರೆ ಸಾಕು.

ಬೈನರಿ ಫೈಲನ್ನು (ಓದುವ ಪಠ್ಯವಲ್ಲದ್ದನ್ನು) ಕ್ಯಾಟ್ ಮಾಡಿ, ಅಂದರೆ ಪರದೆಗೆ ಸುರಿದು, ಪರದೆ ತುಂಬ ಗ್ರಹಲಿಪಿ ಬರಿಸಿಕೊಂಡವರಿಗೆ: ಆ ಫೈಲಿನಲ್ಲಿ 14ನೇ ಸಂಕೇತ ಸಿಕ್ಕಿದ ಕೂಡಲೇ ಟರ್ಮಿನಲ್ ಗೆರೆ-ಮೂಲೆಗಳ ಅಕ್ಷರಮಾಲೆಗೆ ಹೊರಳಿರುತ್ತದೆ. ಪರಿಹಾರ: ಎಕೋ, ಸ್ಪೇಸ್, ಕಂಟ್ರೋಲ್-ವಿ, ಕಂಟ್ರೋಲ್-ಓ, ಎಂಟರ್. ಬರೆದದ್ದು ಕಾಣದಿದ್ದರೂ ಬರೆಯಿರಿ. ಅಕ್ಷರ ಸರಿಯಿದ್ದು ಎಂಟರ್ ಕೀಲಿಯೇ ಕೆಲಸ ಮಾಡದಿದ್ದರೆ ಅದು ಬೇರೆ ಕಾಯಿಲೆ: ಎಂಟರ್ ಕಳಿಸುವ ಸಂಕೇತವನ್ನು ಸಾಲಿನ ಕೊನೆಯಾಗಿ ಪರಿವರ್ತಿಸುವ ಏರ್ಪಾಟು ತಪ್ಪಿಹೋಗಿದೆ. ಕಂಟ್ರೋಲ್-ಜೆ ಒತ್ತಿ, 'ಎಸ್‌ಟಿಟಿವೈ ಸೇನ್' ಎಂದು ಬರೆದು, ಮತ್ತೆ ಕಂಟ್ರೋಲ್-ಜೆ.

ಹೇಳಿದ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸಗಳಿಗೆ ಬರೋಣ, ಇಲ್ಲಿ ನಗು ಸ್ವಲ್ಪ ಕಡಿಮೆ. ಅವುಗಳ ಪಟ್ಟಿ ತಿದ್ದಲು 'ಕ್ರಾನ್‌ಟ್ಯಾಬ್ ಹೈಫನ್ ಇ' ಎಂದರೆ ಪರದೆಯಲ್ಲಿ 430 ಎಂಬಂಥ ಒಂದು ಸಂಖ್ಯೆ ಬರುತ್ತದೆ, ಮತ್ತೇನೂ ಇಲ್ಲ. ಎಡಿಟರ್ ವೇರಿಯಬಲ್ ಖಾಲಿ ಇದ್ದರೆ ಸೊಲಾರಿಸ್ ಕರೆಯುವುದು ಇಡಿ ಎಂಬ ಎಡಿಟರನ್ನು; ಆ ಸಂಖ್ಯೆ ಫೈಲಿನಲ್ಲಿ ಎಷ್ಟು ಬೈಟ್ ಇದೆ ಎಂಬ ಲೆಕ್ಕ. ಅಷ್ಟು ಹೇಳುವುದೇ ಅದರ ಪ್ರಕಾರ ಭರ್ಜರಿ ಸ್ವಾಗತ. ಹೆಲ್ಪ್ ಎಂದರೂ ಪ್ರಶ್ನಾರ್ಥಕ ಚಿಹ್ನೆ, ಎಕ್ಸಿಟ್ ಎಂದರೂ ಪ್ರಶ್ನಾರ್ಥಕ ಚಿಹ್ನೆ. ಎಕ್ಸಾಮಿನರ್ ಮುಂದೆ ವೈವಾಕ್ಕೆ ನಿಂತಂತೆ: ತಪ್ಪು ಎಂದು ತಿಳಿಯುತ್ತದೆ, ಯಾವುದು ತಪ್ಪು ಎಂದು ಮಾತ್ರ ತಿಳಿಯುವುದಿಲ್ಲ. ಒಂದು 'ಕ್ಯೂ' ಒತ್ತಿ ಎಂಟರ್ ಕೊಡಿ. ಅದಕ್ಕೂ ಪ್ರಶ್ನಾರ್ಥಕ ಬಂದರೆ ಇನ್ನೊಂದು 'ಕ್ಯೂ'. ಹೊರಬಂದ ಮೇಲೆ ಎಡಿಟರ್ ವೇರಿಯಬಲ್‌ಗೆ ವಿಐ ಎಂದು ಕೊಟ್ಟು ಮರಳಿ ಹೋಗಿ.

ನಿಜವಾದ ಗುಂಡಿ ಇದರ ಪಕ್ಕದಲ್ಲಿದೆ. ಆಯ್ಕೆ ಏನೂ ಕೊಡದೆ ಬರೀ 'ಕ್ರಾನ್‌ಟ್ಯಾಬ್' ಎಂದರೆ ಅದು ಸುಮ್ಮನೆ ಕಾಯುತ್ತದೆ: ಹೊಸ ಪಟ್ಟಿಯನ್ನು ನೀವು ಕೀಬೋರ್ಡಿನಿಂದ ಬರೆಯುತ್ತೀರಿ ಎಂಬ ನಂಬಿಕೆ. ಅಭ್ಯಾಸಬಲದಿಂದ ಕಂಟ್ರೋಲ್-ಡಿ ಒತ್ತಿದಿರೋ, ಖಾಲಿ ಪಟ್ಟಿ ಸಿಕ್ಕಿತೆಂದು ಸಂತೋಷಪಟ್ಟು ಹಳೆಯದನ್ನೆಲ್ಲ ಒರೆಸಿಹಾಕುತ್ತದೆ. ಒತ್ತಬೇಕಾದದ್ದು ಕಂಟ್ರೋಲ್-ಸಿ. ಬದಲಿಸುವ ಇ ಮತ್ತು ಪೂರ್ತಿ ಅಳಿಸುವ ಆರ್ ಕೀಬೋರ್ಡಿನಲ್ಲಿ ಅಕ್ಕಪಕ್ಕ ಇರುವುದು ಇನ್ನೊಂದು ವಿಶೇಷ. ಮುಟ್ಟುವ ಮೊದಲು ಪಟ್ಟಿ ತೋರಿಸುವ 'ಕ್ರಾನ್‌ಟ್ಯಾಬ್ ಹೈಫನ್ ಎಲ್' ಕೊಟ್ಟು ಫಲಿತಾಂಶವನ್ನು ಒಂದು ಫೈಲಿಗೆ ಹರಿಸಿಡಿ. ಆ ಸಾಲುಗಳಲ್ಲಿ ಪರ್ಸೆಂಟ್ ಚಿಹ್ನೆಗೆ ಹೊಸ ಸಾಲು ಎಂಬ ಅರ್ಥವಿದೆ. ಫೈಲ್ ಹೆಸರಿಗೆ ತಾರೀಕು ಸೇರಿಸುವವರು ಪ್ರತಿ ಪರ್ಸೆಂಟಿನ ಮುಂದೂ ಬ್ಯಾಕ್‌ಸ್ಲ್ಯಾಶ್ ಇಡದಿದ್ದರೆ, ಕೈಯಲ್ಲಿ ಓಡಿಸಿದಾಗ ಸರಿಯಿದ್ದ ಬ್ಯಾಕಪ್ ರಾತ್ರಿ ಮಾತ್ರ ನಡೆಯುವುದಿಲ್ಲ.

ಲಿನಕ್ಸ್‌ನಿಂದ ತಂದ ಇನ್ನೆರಡು ಅಭ್ಯಾಸಗಳನ್ನು ಬಾಗಿಲ ಹೊರಗೇ ಬಿಡಬೇಕು. 'ಕಿಲ್ಆಲ್' ಅಲ್ಲಿ ಹೆಸರು ಹೇಳಿದ ಪ್ರೋಗ್ರಾಮನ್ನು ಕೊಲ್ಲುತ್ತದೆ. ಇಲ್ಲಿ ಅದು ಶಟ್‌ಡೌನ್ ವೇಳೆ ಎಲ್ಲ ಪ್ರೋಸೆಸ್‌ಗಳನ್ನೂ ಮುಗಿಸಲು ಇರುವ ಹತ್ಯಾರ. ಹೆಸರಿಗೆ ತಕ್ಕ ಕೆಲಸ. ಬೇಕಾದದ್ದು ಪಿಕಿಲ್. ಅದರಲ್ಲೂ ಹೆಸರಿನ ತುಣುಕು ಸಿಕ್ಕರೆ ಸಾಕು: 'ಎಸ್‌ಎಚ್' ಎಂದರೆ ದೂರದಿಂದ ಲಾಗಿನ್‌ಗೆ ಬಾಗಿಲಾದ ಎಸ್‌ಎಸ್‌ಎಚ್‌ಡಿಯೂ ಸೇರಿ ಹೋಗುತ್ತದೆ, ಅದರ ಮೂಲಕ ಒಳಗೆ ಬಂದ ನೀವೂ ಹೊರಗೆ. ಮೊದಲು ಪಿಗ್ರೆಪ್‌ನಿಂದ ಪಟ್ಟಿ ನೋಡಿ, ಆಮೇಲೆ ಹೈಫನ್ ಎಕ್ಸ್ ಸೇರಿಸಿ ನಿಖರವಾಗಿ ಹೊಡೆಯಿರಿ. ಎರಡನೆಯದು 'ಹೋಸ್ಟ್‌ನೇಮ್ ಹೈಫನ್ ಎಫ್'. ಲಿನಕ್ಸ್ ಇದಕ್ಕೆ ಪೂರ್ತಿ ಹೆಸರು ಹೇಳುತ್ತದೆ. ಸೊಲಾರಿಸ್‌ನಲ್ಲಿ ರೂಟ್ ಆಗಿ ಕೊಟ್ಟರೆ ಯಂತ್ರಕ್ಕೆ 'ಹೈಫನ್ ಎಫ್' ಎಂದೇ ನಾಮಕರಣವಾಗುತ್ತದೆ. ತೊಟ್ಟಿಲಿನ ಹೆಸರು ಇಟಿಸಿ ಡೈರೆಕ್ಟರಿಯ ನೋಡ್‌ನೇಮ್ ಫೈಲಿನಲ್ಲಿದೆ, ನೋಡಿ ಮತ್ತೆ ಇಡಿ.

ಡಿಸ್ಕ್ ತುಂಬಿತು ಎಂದು ದೊಡ್ಡ ಲಾಗ್ ಫೈಲ್ ಅಳಿಸುತ್ತೀರಿ, ತುಂಬಿದ ಜಾಗ ಹೇಳುವ 'ಡಿಎಫ್ ಹೈಫನ್ ಕೆ' ಇನ್ನೂ 100 ಪರ್ಸೆಂಟ್ ಎನ್ನುತ್ತದೆ. ಓದಲು ಹಿತವಾದ ಹೈಫನ್ ಎಚ್ ಬಂದದ್ದು ಸೊಲಾರಿಸ್ 9ರಲ್ಲಿ, ಅಲ್ಲಿಯವರೆಗೆ ಕಿಲೋಬೈಟ್ ಎಣಿಸಿಕೊಳ್ಳಿ. ಫೈಲುಗಳ ಗಾತ್ರ ಕೂಡಿಸುವ ಡಿಯು ಮಾತ್ರ ಜಾಗವಿದೆ ಎನ್ನುತ್ತದೆ. ಇಬ್ಬರದೂ ನಿಜವೇ: ಹೆಸರು ಅಳಿಸಿದ್ದೀರಿ, ಫೈಲನ್ನು ತೆರೆದುಕೊಂಡು ಕೂತ ಪ್ರೋಗ್ರಾಂ ಬಿಡುವವರೆಗೆ ಜಾಗ ವಾಪಸಾಗದು. ಪ್ರಾಕ್ ಡೈರೆಕ್ಟರಿಯ ಎಫ್‌ಡಿಗಳಲ್ಲಿ (ಪ್ರೋಗ್ರಾಂಗಳು ತೆರೆದ ಫೈಲುಗಳ ಪಟ್ಟಿಗಳಲ್ಲಿ) ಲಿಂಕ್ ಸಂಖ್ಯೆ 0 ಇರುವ, ಅಂದರೆ ಹೆಸರೇ ಉಳಿಯದ, ಫೈಲುಗಳನ್ನು ಫೈಂಡ್‌ನಿಂದ ಹುಡುಕಿದರೆ ಹಿಡಿದುಕೊಂಡವರು ಯಾರೆಂದು ಸಿಗುತ್ತಾರೆ. ಮುಂದಿನ ಸಲ ಅಳಿಸಬೇಡಿ, ಖಾಲಿ ಮಾಡಿ: ಯಾವಾಗಲೂ ಖಾಲಿಯಿರುವ ಡೆವ್‌ನಲ್ ಅನ್ನು ಕ್ಯಾಟ್ ಮಾಡಿ ಲಾಗ್‌ನ ಮೇಲೆ ಹರಿಸಿ. ಜಾಗ ಬೇಕೆಂದು ಫೈಲುಗಳನ್ನು ತಾತ್ಕಾಲಿಕ ಫೈಲುಗಳ ಟಿಎಂಪಿ ಡೈರೆಕ್ಟರಿಗೆ ಸಾಗಿಸುವುದಂತೂ ಬೇಡವೇ ಬೇಡ. ಸೊಲಾರಿಸ್‌ನಲ್ಲಿ ಟಿಎಂಪಿ ಇರುವುದು ಮೆಮೊರಿ ಮತ್ತು ಸ್ವಾಪ್‌ನಲ್ಲಿ (ಮೆಮೊರಿಗೆ ನೆರವಾಗುವ ಡಿಸ್ಕಿನ ಜಾಗದಲ್ಲಿ). ತುಂಬಿದರೆ ಹೊಸ ಪ್ರೋಗ್ರಾಂಗಳು ಏಳಲಾರವು, ರೀಬೂಟ್ ಮಾಡಿದರೆ ಸಾಗಿಸಿದ್ದೆಲ್ಲ ಮಾಯ.

ಕಡೆಯದಾಗಿ, ಇಡೀ ಸರ್ವರ್ ಒಮ್ಮೆಲೇ ನಿಂತು ಎಲ್ಲರೂ ಕೂಗತೊಡಗಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಸೀರಿಯಲ್ ಕನ್ಸೋಲಿನ ಟರ್ಮಿನಲ್ಲನ್ನು ಯಾರಾದರೂ ಆರಿಸಿದರಾ? ಕರೆಂಟ್ ಉಳಿಸುವ ಸದುದ್ದೇಶದಿಂದ ಆರಿಸಿದಾಗ ತಂತಿಯಲ್ಲಿ ಬ್ರೇಕ್ ಸಂಜ್ಞೆ ಹರಿಯಬಹುದು. ಸ್ಪಾರ್ಕ್ ಯಂತ್ರ ಅದನ್ನು ಆಜ್ಞೆಯೆಂದು ಶಿರಸಾವಹಿಸಿ, ಎಲ್ಲ ಕೆಲಸ ಕೆಳಗಿಟ್ಟು 'ಓಕೆ' ಎಂಬ ಪ್ರಾಂಪ್ಟ್ ಹಿಡಿದು ನಿಲ್ಲುತ್ತದೆ. ಟರ್ಮಿನಲ್ ಹಾಕಿ, 'ಗೋ' ಎಂದು ಬರೆದು ಎಂಟರ್ ಕೊಡಿ. ನಿಂತಲ್ಲಿಂದಲೇ ಹೊರಡುತ್ತದೆ. 'ಬೂಟ್' ಎನ್ನಬೇಡಿ: ಸೊಲಾರಿಸ್ 8ರ ಯುಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಲಾಗಿಂಗ್ (ಬದಲಾವಣೆಗಳ ದಾಖಲೆ) ತಾನಾಗಿ ಚಾಲೂ ಇರುವುದಿಲ್ಲ, ಹೀಗಾಗಿ ದೋಷ ಹುಡುಕುವ ಎಫ್‌ಎಸ್‌ಸಿಕೆ ಡಿಸ್ಕನ್ನೆಲ್ಲ ಜಾಲಾಡಿ ಮುಗಿಸುವವರೆಗೆ ಬಂದ ಫೋನುಗಳಿಗೆಲ್ಲ ನೀವೇ ಉತ್ತರ ಕೊಡಬೇಕು. ಸೇವೆ ಮರಳಿದ ಮೇಲೆ ಇಟಿಸಿ-ಡೀಫಾಲ್ಟ್‌ನ ಕೆಬಿಡಿ ಫೈಲಿನಲ್ಲಿ ಕೀಬೋರ್ಡ್ ಅಬಾರ್ಟ್‌ನ ಬೆಲೆಯನ್ನು 'ಆಲ್ಟರ್ನೇಟ್' ಎಂದು ಬದಲಿಸಿ, 'ಕೆಬಿಡಿ ಹೈಫನ್ ಐ' ಕೊಡಿ. ಆಮೇಲೆ ಯಂತ್ರ ನಿಲ್ಲಬೇಕಾದರೆ ಎಂಟರ್, ಟಿಲ್ಡೆ, ಕಂಟ್ರೋಲ್-ಬಿ ಅನುಕ್ರಮವಾಗಿ ಬರಬೇಕು. ಸ್ವಿಚ್ ಆರಿಸಿ ಅಷ್ಟನ್ನು ಸಾಧಿಸುವವರು ಸಿಗಲಿಕ್ಕಿಲ್ಲ.