ಕೋಡಿಗೆ ಮರಳಿನ ಚೀಲ ಜೋಡಿಸುವವರಿಗೆ

ನಿನ್ನೆ ಸಕಲೇಶಪುರದ ಕಡೆಯ ಪರಿಚಿತರೊಬ್ಬರ ಕಾಫಿ ತೋಟಕ್ಕೆ ಹೋಗಿದ್ದೆ. ಹಿಂದೆ ಪಾಳುಬಿದ್ದ ಹಡ್ಲುಗದ್ದೆಯಿದ್ದ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ, ಒಂದು ಎಕರೆಯಷ್ಟು ಹರವಿನ ಕೆರೆ ಮಾಡಿಕೊಂಡಿದ್ದಾರೆ. ಪುನರ್ವಸು ಮಳೆ ಬಿಡುವಿಲ್ಲದೆ ಸುರಿಯುತ್ತಿರುವಾಗ ಕೆರೆ ತುಂಬಿರುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಹೆಚ್ಚಾದ ನೀರು ಹೊರಹೋಗುವ ಕೋಡಿಯ ಬಾಯಿಗೆ ಮರಳಿನ ಚೀಲಗಳನ್ನು ಸಾಲಾಗಿ ಪೇರಿಸಿ, ಅದಕ್ಕೆ ಟಾರ್ಪಾಲು ಹೊದಿಸಿ, ನೀರು ಏರಿಯ ತಲೆಗಿಂತ ಒಂದು ಮೊಳವಷ್ಟೇ ಕೆಳಗೆ ನಿಲ್ಲುವಂತೆ ಮಾಡಿದ್ದರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ತೋಟದ ಲೆಕ್ಕ ನೋಡಿಕೊಳ್ಳುವ ರೈಟರು, "ಬೇಸಿಗೆಗೆ ಎರಡಡಿ ನೀರು ಜಾಸ್ತಿ ಸಿಗ್ತದೆ ಅಂತ ಸಾಹುಕಾರರು ಹಾಕ್ಸಿದ್ದು ಸಾರ್. ಕೆಳಗಿನ ಊರಿಗೂ ನೆರೆ ಬರಲ್ಲ ಅಲ್ವಾ" ಎಂದರು.

ಮೊದಲನೆಯ ಮಾತು ನನಗೆ ಅರ್ಥವಾಗುತ್ತದೆ. ಎರಡನೆಯ ಮಾತು ಕೇಳಿ ಬಂದ ಸಿಟ್ಟು ಈ ಹೊತ್ತಿನವರೆಗೂ ಇಳಿದಿಲ್ಲ. ಆ ಏರಿಯ ಕೆಳಗೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಕೂಲಿಯವರ ಲೈನ್ ಮನೆಗಳಿವೆ. ನಾನು ನೋಡುತ್ತಿದ್ದಂತೆಯೇ ಒಬ್ಬ ಹೆಣ್ಣುಮಗಳು ಕೆರೆಯಿಂದ ಇಳಿಯುವ ಹಳ್ಳದ ದಡದಲ್ಲಿ ಪಾತ್ರೆ ತೊಳೆಯುತ್ತಿದ್ದಳು.

ಸಣ್ಣ ನೀರಾವರಿಯ ಕೆಲಸದಲ್ಲಿಯೇ ನನ್ನ ತಲೆ ನರೆತದ್ದು ಇಲ್ಲಿರುವ ಗೆಳೆಯರಿಗೆಲ್ಲ ಗೊತ್ತು. ಏರಿ, ನೀರು ಬಿಡುವ ತೂಬು, ಕೋಡಿ ಎಂಬ ಮೂರರಲ್ಲಿ ಯಾವುದರ ಮೇಲೆ ಖರ್ಚು ಉಳಿಸಿದರೂ ಕೋಡಿಯ ಮೇಲೆ ಉಳಿಸಬಾರದು ಎಂಬುದನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿಯೇ ಹಿರಿಯರು ನನಗೆ ಕಲಿಸಿದ್ದರು. ಮಲೆನಾಡಿನ ತೋಟದ ಕೆರೆಗಳಲ್ಲಿ ಹೆಚ್ಚಿನವು ಎಂಜಿನಿಯರನ್ನು ಕಂಡವೇ ಅಲ್ಲ. ಜೆಸಿಬಿಯವನ ಅಂದಾಜಿನಲ್ಲಿ, ಅಲ್ಲೇ ಸಿಕ್ಕಿದ ಮಣ್ಣಿನಲ್ಲಿ, ರೋಲರ್ ಓಡಿಸದೆ ಎದ್ದು ನಿಂತವು. ಅಂಥ ಏರಿಯನ್ನು ಇಷ್ಟು ವರ್ಷ ಕಾಪಾಡಿರುವುದು ಕೋಡಿಯೊಂದೇ. ಅದನ್ನೇ ಮುಚ್ಚಿ, ನೆರೆ ತಡೆಯುವ ಹೆಸರು ಕೊಡುವುದನ್ನು ನಾನು ಸುಮ್ಮನೆ ಕೇಳಿಸಿಕೊಂಡು ಬರಲಾರೆ.

ಕೆರೆ ನೆರೆಯನ್ನು ತಡೆಯುವುದು ಅದರಲ್ಲಿರುವ ಖಾಲಿ ಜಾಗದಿಂದ. ನಿಂತ ನೀರು ಎಷ್ಟೇ ಇರಲಿ, ಮುಂದೆ ಬರುವ ಮಳೆಯ ಒಂದು ಹನಿಯನ್ನೂ ಅದು ತಡೆಯುವುದಿಲ್ಲ. ಈ ತೋಟದ ಲೆಕ್ಕವನ್ನೇ ಹಾಕಿ ನೋಡೋಣ. ಕೆರೆಗೆ ನೀರು ಹರಿದುಬರುವ ಇಳಿಜಾರು ಸುಮಾರು ನೂರು ಎಕರೆ ಎಂದಿಟ್ಟುಕೊಳ್ಳಿ. ಆಷಾಢದ ಒಂದು ದಿನ ನೂರು ಮಿಲಿಮೀಟರ್ ಮಳೆಯಾಗುವುದು ನಮ್ಮಲ್ಲಿ ಅಪರೂಪವೇನಲ್ಲ. ನೂರು ಎಕರೆಯ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 4 ಕೋಟಿ ಲೀಟರ್ ನೀರು. ನೆಲ ಅರ್ಧವನ್ನು ಕುಡಿಯಿತು ಎಂದು ಉದಾರವಾಗಿ ಹಿಡಿದರೂ 2 ಕೋಟಿ ಲೀಟರ್ ಕೆರೆಗೆ ಬರುತ್ತದೆ. ಒಂದು ಎಕರೆಯ ಕೆರೆಯಲ್ಲಿ ಪೂರ್ತಿ ಒಂದು ಮೀಟರ್ ಖಾಲಿ ಇದ್ದರೂ ಹಿಡಿಯುವುದು 40 ಲಕ್ಷ ಲೀಟರ್, ಅಂದರೆ ಬಂದದ್ದರ ಐದನೆಯ ಒಂದು ಪಾಲು. ಉಳಿದ ನಾಲ್ಕು ಪಾಲು ಕೋಡಿಯಿಂದ ಹೋಗಲೇಬೇಕು. ಚೀಲ ಜೋಡಿಸಿದ ಕೆರೆಯಲ್ಲಿ ಆ ಒಂದು ಪಾಲಿಗೂ ಜಾಗವಿಲ್ಲ, ಉಳಿದ ನಾಲ್ಕಕ್ಕೆ ದಾರಿಯೂ ಇಲ್ಲ.

ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಬಿಟ್ಟ ಎತ್ತರವನ್ನು ವ್ಯರ್ಥ ಜಾಗವೆಂದು ಬಗೆಯುವುದರಿಂದ ಈ ಅನಾಹುತ ಶುರುವಾಗುತ್ತದೆ. ದೊಡ್ಡ ಮಳೆ ಬಂದಾಗ ನೀರು ತಾತ್ಕಾಲಿಕವಾಗಿ ಏರಿ ನಿಂತು, ಕೋಡಿಯಿಂದ ನಿಧಾನವಾಗಿ ಇಳಿದುಹೋಗಲು ಬಿಟ್ಟ ಜಾಗವದು. ಕೆಳಗಿನ ಹಳ್ಳದಲ್ಲಿ ನೀರು ಒಮ್ಮೆಲೇ ಉಕ್ಕದೆ ಹಂಚಿಕೊಂಡು ಹರಿಯುವುದು ಅದರಿಂದಲೇ. ಸಣ್ಣ ಕೆರೆಯೊಂದು ಕೆಳಗಿನವರಿಗೆ ಮಾಡಬಹುದಾದ ಉಪಕಾರವೆಲ್ಲ ಆ ಮೂರು ನಾಲ್ಕು ಅಡಿಯಲ್ಲಿದೆ. ಅಮೆರಿಕದ ಒಹಾಯೊದಲ್ಲಿ 1913ರ ಮಹಾಪ್ರವಾಹದಲ್ಲಿ ಡೇಟನ್ ನಗರ ಮುಳುಗಿದ ಮೇಲೆ, ಅಲ್ಲಿಯವರು ನದಿಗಳಿಗೆ ಐದು ಮಣ್ಣಿನ ಅಣೆಕಟ್ಟುಗಳನ್ನು ಕಟ್ಟಿಕೊಂಡರು. ಬುಡದಲ್ಲಿ ಸದಾ ತೆರೆದ ಕಂಡಿಗಳಿರುವುದರಿಂದ ಅವುಗಳ ಹಿಂದೆ ಸಾಮಾನ್ಯ ದಿನಗಳಲ್ಲಿ ನೀರೇ ನಿಲ್ಲುವುದಿಲ್ಲ. 1922ರಿಂದ ಇಂದಿನವರೆಗೂ ಅವು ಆ ಊರನ್ನು ಕಾಯುತ್ತಿರುವುದು ಖಾಲಿಯಾಗಿರುವುದರಿಂದಲೇ. ನೆರೆ ತಡೆಯುವ ಮಾತನ್ನು ಆಡುವವರು ಮೊದಲು ಎಷ್ಟು ಖಾಲಿ ಬಿಟ್ಟಿದ್ದೇವೆ ಎಂದು ಹೇಳಲಿ.

ಮಣ್ಣಿನ ಏರಿ ಹೇಗೆ ಹೋಗುತ್ತದೆ ಎಂಬುದನ್ನು ತೋಟದವರು ಒಮ್ಮೆ ಸಾವಧಾನವಾಗಿ ಕೇಳಿಸಿಕೊಳ್ಳಬೇಕು. ಕಲ್ಲು ಕಾಂಕ್ರೀಟಿನ ಕಟ್ಟೆಯ ಮೇಲೆ ನೀರು ಉಕ್ಕಿ ಹರಿದರೂ ಅದು ಸ್ವಲ್ಪ ಹೊತ್ತು ತಾಳೀತು. ಮಣ್ಣಿನ ಏರಿಗೆ ಆ ತಾಳಿಕೆಯಿಲ್ಲ. ತಲೆಯ ಮೇಲೆ ಹರಿದ ನೀರು ಹೊರಬದಿಯ ಇಳಿಜಾರನ್ನು ಬುಡದಿಂದ ಕೊರೆಯುತ್ತ ಬಂದು, ಕೊರಕಲು ಏರಿಯ ನೀರಿನ ಬದಿಗೆ ತಲುಪಿದೊಡನೆ ಇಡೀ ಕೆರೆ ಅದರ ಮೂಲಕ ನುಗ್ಗುತ್ತದೆ. ಇನ್ನೊಂದು ದಾರಿ ಒಳಗಿನದು. ಏರಿಯ ಮೂಲಕ ಹಾಯಿಸಿದ ಪಿವಿಸಿ ಪೈಪಿನ ಸುತ್ತ ಮಣ್ಣನ್ನು ಬಿಗಿಯಾಗಿ ದಮ್ಮಸು ಮಾಡಿರುವುದಿಲ್ಲ. ಏಡಿ, ಇಲಿ, ಗೆದ್ದಲು ಕೊರೆದ ಬಿಲಗಳಿರುತ್ತವೆ. ಏರಿಯ ಮೇಲೆ ನೆಟ್ಟ ಸಿಲ್ವರ್ ಓಕ್ ಕಡಿದ ಮೇಲೆ ಅದರ ಬೇರು ಕೊಳೆತು ಕೊಳವೆಯಾಗಿರುತ್ತದೆ. ನೀರಿನ ಮಟ್ಟ ಎರಡಡಿ ಏರಿದಾಗ, ಅಲ್ಲಿಯವರೆಗೆ ಒಣಗಿದ್ದ ಬಿಲಗಳಿಗೂ ನೀರು ಹೊಕ್ಕುತ್ತದೆ. ಏರಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಕಾದು ನೋಡಬಹುದು. ಕೆಂಪಾಗಿ, ಮಣ್ಣು ಬೆರೆತು ಬಂದರೆ ಏರಿ ಒಳಗಿನಿಂದ ಕರಗುತ್ತಿದೆ ಎಂದೇ ಅರ್ಥ.

"ಮೂವತ್ತು ವರ್ಷದಿಂದ ನಿಂತಿದೆ, ಏನೂ ಆಗಿಲ್ಲ" ಎಂದು ನನಗೆ ಹೇಳದ ತೋಟದವರಿಲ್ಲ. ಹವಾಯಿಯ ಕಾವಾಯಿ ದ್ವೀಪದಲ್ಲಿ ಕಬ್ಬಿನ ತೋಟಕ್ಕಾಗಿ 1890ರಲ್ಲಿ ಕಟ್ಟಿದ ಕಾ ಲೋಕೊ ಎಂಬ ಮಣ್ಣಿನ ಕಟ್ಟೆ 116 ವರ್ಷ ನಿಂತಿತ್ತು. ವಾರಗಟ್ಟಲೆ ಸುರಿದ ಮಳೆಯ ಕೊನೆಗೆ, 2006ರ ಮಾರ್ಚ್ 14ರಂದು ಬೆಳಕು ಹರಿಯುವ ಮೊದಲೇ ಅದು ಒಡೆದು ಏಳು ಜನರನ್ನು ಕೊಚ್ಚಿಕೊಂಡು ಹೋಯಿತು. ಅವರಲ್ಲಿ ಒಬ್ಬಾಕೆ ಗರ್ಭಿಣಿ. ಅದು ಖಾಸಗಿ ಜಮೀನಿನ ಕಟ್ಟೆ. ಅದರ ಕೋಡಿಯನ್ನು ಮಣ್ಣು ತುಂಬಿ ಮುಚ್ಚಲಾಗಿತ್ತು ಎಂಬುದೇ ಮಾಲೀಕರ ಮೇಲಿನ ಮುಖ್ಯ ಆರೋಪವಾಗಿತ್ತು, ಅವರಿಗೆ ಜೈಲುಶಿಕ್ಷೆಯೂ ಆಯಿತು. ಕೀನ್ಯಾದ ಸೊಲಾಯಿಯಲ್ಲಿ 2018ರ ಮೇ 9ರ ರಾತ್ರಿ ಒಡೆದದ್ದೂ ಖಾಸಗಿ ಎಸ್ಟೇಟಿನ ಮಣ್ಣಿನ ಕಟ್ಟೆಯೇ. ಅಲ್ಲಿ ಸತ್ತವರು ನಲವತ್ತಕ್ಕೂ ಹೆಚ್ಚು, ಅವರಲ್ಲಿ ಮಕ್ಕಳು ಬಹಳ. ಎರಡೂ ಕಡೆ ನೀರು ಬಂದದ್ದು ಜನ ಮನೆಯೊಳಗಿದ್ದ ಕತ್ತಲೆಯ ಹೊತ್ತಿನಲ್ಲಿ. ನಿನ್ನೆ ರಾತ್ರಿ ಮಳೆಯ ಸದ್ದು ಜೋರಾದಾಗಲೆಲ್ಲ ಎದ್ದು ಕುಳಿತೆ ಎಂಬುದನ್ನು ಇಲ್ಲಿ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬೆಳೆಗಾರ ಗೆಳೆಯರು ಈಗಾಗಲೇ ಉತ್ತರ ಬರೆಯಲು ಕುಳಿತಿರಬಹುದು. ಕಾಫಿಯ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು, ಆಮೇಲೆ ಹೂ ಕಾಯಿಕಟ್ಟಲು ಕೊಡುವ ಬ್ಯಾಕಿಂಗ್ ನೀರೂ ಬೇಕು, ಒಂದು ಸಲ ತಪ್ಪಿದರೆ ವರ್ಷದ ಫಸಲೇ ಹೋಯಿತು ಎನ್ನುತ್ತೀರಿ. ನಿಜ. ಕೆರೆಯಿಂದ ಕೆಳಗಿನ ಬಾವಿಗಳಿಗೆ ನೀರು ಬಂದಿದೆ ಎನ್ನುತ್ತೀರಿ. ಅದೂ ನಿಜ. ಆದರೆ ಬೇಸಿಗೆಯ ನೀರಿಗಾಗಿ ಜುಲೈಯಲ್ಲಿ ಕೋಡಿ ಮುಚ್ಚುವ ಅಗತ್ಯ ಎಲ್ಲಿದೆ? ಮುಂಗಾರಿನ ಜೋರು ಇಳಿದ ಮೇಲೂ ಹಳ್ಳಗಳು ಹರಿಯುತ್ತಲೇ ಇರುತ್ತವೆ, ಹಿಂಗಾರಿನ ಮಳೆಯೂ ಬರುತ್ತದೆ. ಆಗ ಕೋಡಿಯ ಮಟ್ಟದವರೆಗೆ ತುಂಬಿಸಿಕೊಳ್ಳಿ. ಅದಕ್ಕಿಂತ ಹೆಚ್ಚು ನೀರು ಬೇಕಾದರೆ ಬೇಸಿಗೆಯಲ್ಲಿ ಗೋಡು ತೆಗೆಸಿ ಕೆರೆಯನ್ನು ಆಳ ಮಾಡಿ. ಏರಿಯನ್ನೇ ಎತ್ತರಿಸುವುದಾದರೆ ಬಲ್ಲವರಿಂದ ವಿನ್ಯಾಸ ಮಾಡಿಸಿ, ಕೋಡಿಯನ್ನೂ ಅದಕ್ಕೆ ತಕ್ಕಂತೆ ಹುಟ್ಟುನೆಲದಲ್ಲಿ ಅಗಲವಾಗಿ ಕಡಿಸಿ. ಇವೆಲ್ಲಕ್ಕೂ ಹಣ ಬೇಕು, ಮರಳಿನ ಚೀಲಕ್ಕೆ ಹಣ ಬೇಡ ಎಂಬುದೊಂದೇ ನಿಮ್ಮ ವಾದವಾದರೆ, ಆ ಉಳಿತಾಯದ ಬೆಲೆಯನ್ನು ಲೈನ್ ಮನೆಯವರ ತಲೆಗೆ ಕಟ್ಟಬೇಡಿ.

ಕಾನೂನು ನೋಡಿಕೊಳ್ಳುತ್ತದೆ ಎಂದು ಯಾರೂ ನಂಬಿ ಕೂರುವಂತಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರಿನವಕ್ಕೆ ಅನ್ವಯಿಸುತ್ತದೆ. ಇಪ್ಪತ್ತು ಇಪ್ಪತ್ತೈದು ಅಡಿಯ ತೋಟದ ಏರಿ ಅದರ ಲೆಕ್ಕಕ್ಕೇ ಬರುವುದಿಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಇಡೀ ರಾಜ್ಯ ಟಿವಿಯ ಮುಂದೆ ಕುಳಿತಿತ್ತು, ನದಿಯಂಚಿನವರಿಗೆ ಎಚ್ಚರಿಕೆ ಹೋಯಿತು, ತಜ್ಞರು ಬಂದರು. ತೋಟದ ಕೆರೆಗೆ ಗೇಟಿಲ್ಲ, ಕಾವಲಿಲ್ಲ, ಸೈರನ್ ಇಲ್ಲ, ನಮ್ಮ ಬಯಲುಸೀಮೆಯ ಕೆರೆಗಳಿಗಿದ್ದಂತೆ ನೀರು ನೋಡಿಕೊಳ್ಳುವ ಒಬ್ಬ ನೀರಗಂಟಿಯೂ ಇಲ್ಲ. ಒಂದೇ ಹಳ್ಳಕ್ಕೆ ಮೂರು ತೋಟದವರು ಮೂರು ಕೆರೆ ಕಟ್ಟಿಕೊಂಡಿದ್ದರೆ, ಮೇಲಿನದು ಒಡೆದಾಗ ಕೆಳಗಿನ ಎರಡೂ ಅದರ ಹಿಂದೆಯೇ ಹೋಗುತ್ತವೆ. ಏರಿ ಎಷ್ಟು ಎತ್ತರ ಎಂದು ಕೇಳುವ ಕಾಯ್ದೆ ಅದರ ಕೆಳಗೆ ಯಾರು ಮಲಗುತ್ತಾರೆ ಎಂದೂ ಕೇಳಬೇಕು. ತಾಲ್ಲೂಕು ಮಟ್ಟದಲ್ಲಿ ಇಂಥ ಕೆರೆಗಳ ಪಟ್ಟಿಯಾಗಲಿ, ಮಳೆಗಾಲಕ್ಕೆ ಮೊದಲು ಕೋಡಿಯ ತಪಾಸಣೆ ಕಡ್ಡಾಯವಾಗಲಿ ಎಂದು ನಾನು ಕೇಳುತ್ತಲೇ ಇರುತ್ತೇನೆ.

ಆಶ್ಲೇಷ ಮಳೆ ಇನ್ನೂ ಮುಂದಿದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳ ಮಳೆಯ ಅನಾಹುತವನ್ನು ಕೊಡಗು, ಚಿಕ್ಕಮಗಳೂರಿನವರಿಗೆ ನೆನಪಿಸಬೇಕಾಗಿಲ್ಲ. ಕೋಡಿಗೆ ಚೀಲ ಹಾಕಿದವರು ಈ ವಾರವೇ ಮಳೆ ಬಿಟ್ಟ ಹೊತ್ತು ನೋಡಿ, ಮೇಲಿನ ಸಾಲಿನಿಂದ ಒಂದೊಂದಾಗಿ ತೆಗೆಯಿರಿ. ಒಮ್ಮೆಲೇ ಕಿತ್ತರೆ ಕೆಳಗಿನ ಹಳ್ಳಕ್ಕೆ ನೀವೇ ನೆರೆ ಬಿಟ್ಟಂತಾಗುತ್ತದೆ, ನೆನೆದ ಏರಿಯ ಒಳಮೈ ಜರಿಯುವ ಅಪಾಯವೂ ಇದೆ. ಕೋಡಿಯ ಕಾಲುವೆಗೆ ಬಿದ್ದ ಕೊಂಬೆಗಳನ್ನು ತೆಗೆಸಿ. ಮಳೆ ಜೋರಾದ ರಾತ್ರಿಗಳಲ್ಲಿ ಏರಿಯ ಬುಡ ನೋಡಿಬರಲು ಇಬ್ಬರನ್ನು ನೇಮಿಸಿ, ಅವರಿಗೆ ಟಾರ್ಚು ಕೊಡಿ, ಒಬ್ಬನನ್ನೇ ಕಳಿಸಬೇಡಿ. ಕೆಂಪು ನೀರು ಕಂಡರೆ ಮೊದಲು ಲೈನಿನ ಎಲ್ಲ ಬಾಗಿಲು ಬಡಿದು, ಮಕ್ಕಳು ಮುದುಕರನ್ನು ಎಬ್ಬಿಸಿ, ಎಲ್ಲರನ್ನೂ ಹಳ್ಳದಿಂದ ದೂರ, ದಿಣ್ಣೆಯ ಮೇಲಿನ ಕಾಫಿ ಗೋಡೌನಿಗೆ ಹತ್ತಿಸಿ. ಜೆಸಿಬಿಯವನಿಗೆ ಫೋನ್ ಮಾಡುವುದು ಅದಾದ ಮೇಲೆ.