ವೈವಿಧ್ಯ ದಿನದ ಡೋಲು

ನಮ್ಮೂರಿನ ಕಾಲೇಜೊಂದು ಮೊನ್ನೆ ‘ವೈವಿಧ್ಯ ದಿನ’ ಮಾಡಿತು. ಫೋಟೋ ನೀವೂ ನೋಡಿರುತ್ತೀರಿ, ವಾಟ್ಸ್‌ಆ್ಯಪ್‌ನಲ್ಲಿ ಎರಡು ದಿನ ಅದೇ ಸುತ್ತಿತು. ಕಾಲೇಜಿನ ಹೆಸರು ಹೇಳುವುದಿಲ್ಲ. ತಂಗಿಯ ಮಗಳು ಅಲ್ಲೇ ಓದುವುದು, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿ ಉಂಟು.

ಸುತ್ತೋಲೆಯೇ ಚಂದ ಮಾರಾಯ್ರೆ. ಎಲ್ಲರೂ ತಮ್ಮ ತಮ್ಮ ಜನಾಂಗದ ಉಡುಪಿನಲ್ಲಿ ಬರತಕ್ಕದ್ದು. ಮೇಲ್ಜಾತಿಯ ಮಕ್ಕಳು ಜೀನ್ಸ್ ಹಾಕಿ ಬಂದರು. ಅವರಿಗೆ ಜನಾಂಗ ಇಲ್ಲ ನೋಡಿ, ಅದು ಇರುವುದು ಬಾಕಿಯವರಿಗೆ. ಮಣಿಪುರದ ಇಂಫಾಲ್ ಪೇಟೆಯ ಹುಡುಗಿಗೆ ಫೋನ್ ಹೋಯಿತು: ಗರಿ ಸಿಕ್ಕಿಸಿದ ಟೋಪಿ ಉಂಟಾ? ಆ ಟೋಪಿಯನ್ನು ಅವಳೂ ನಮ್ಮ ಹಾಗೆ ಟಿವಿಯಲ್ಲಿ ನೋಡಿದವಳು. ಯಲ್ಲಾಪುರದ ಸಿದ್ದಿ ಹುಡುಗನನ್ನು (ಸಿದ್ದಿಗಳ ಮೂಲ ಆಫ್ರಿಕಾ, ತಲೆಮಾರುಗಳಿಂದ ಇಲ್ಲಿಯವರೇ) ವಿದೇಶಿ ವಿದ್ಯಾರ್ಥಿಗಳ ಸಾಲಿನಲ್ಲಿ ಕೂರಿಸಿದರು. ನಿರೂಪಕಿ ಬಗ್ಗಿ ‘ವೆಲ್‌ಕಮ್ ಟು ಇಂಡಿಯಾ’ ಎಂದಳು. ‘ಕನ್ನಡದಲ್ಲೇ ಹೇಳಿ ಅಕ್ಕಾ, ಅಡ್ಡಿಲ್ಲ’ ಎಂದ ಅವನು.

ಅತಿಥಿಯ ಸ್ವಾಗತಕ್ಕೆ ಡೋಲು ಬೇಕಿತ್ತು. ಡೋಲು ಅಂದರೆ ಕೊರಗರು, ಕರಾವಳಿಯ ಆದಿವಾಸಿಗಳು ಅವರು. ಎಂಎಸ್ಸಿ ಭೌತಶಾಸ್ತ್ರದಲ್ಲಿ ಒಬ್ಬ ಕೊರಗ ಹುಡುಗ ಇದ್ದಾನೆ, ಕರೆಸಿದರು. ಅವನಿಗೆ ಡೋಲು ಬಾರಿಸಲು ಬರುವುದಿಲ್ಲ. ಕಂಬಳದ ಹಿಂದಿನ ರಾತ್ರಿಗಳಲ್ಲಿ ಡೋಲು ಬಾರಿಸುವವರ ಪಾಡು ಕಂಡ ಅಪ್ಪ ಬೇಕೆಂದೇ ಕಲಿಸಿಲ್ಲ. ಕಾಲೇಜು ಬಿಡುತ್ತದಾ? ಡೋಲು ತರಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಮೂರು ದಿನ ಲ್ಯಾಬ್ ತಪ್ಪಿಸಿ ಪ್ರಾಕ್ಟೀಸ್ ಮಾಡಿಸಿತು. ಕೊರಗರನ್ನು ಕೀಳಾಗಿ ಕಂಡು ಸೇವೆ ಮಾಡಿಸುವ ‘ಅಜಲು’ ಪದ್ಧತಿ ನಿಷೇಧಿಸಿ 2000ದಲ್ಲೇ ಕಾಯ್ದೆ ಬಂದಿದೆ. ಕೊರಗರನ್ನು ಕೋಣಗಳ ಮುಂದೆ ಗದ್ದೆಯಲ್ಲಿ ಓಡಿಸುವುದು, ಕೂದಲು ಉಗುರು ಬೆರೆಸಿದ್ದನ್ನು ತಿನ್ನಿಸುವುದು ಎಲ್ಲ ಅಪರಾಧ. ಎಸಿ ಹಾಲಿನಲ್ಲಿ, ಹಿಂದೆ ಬ್ಯಾನರ್ ಕಟ್ಟಿ ಬಾರಿಸಿದರೆ ಮಾತ್ರ ಇನ್‌ಕ್ಲೂಷನ್.

ಹಾಗಂತ ನಮ್ಮಲ್ಲಿ ಜಾತಿ ಕೇಳುತ್ತಾರೆ ಅಂದುಕೊಳ್ಳಬೇಡಿ. ಬುದ್ಧಿವಂತರ ಜಿಲ್ಲೆ ಇದು. ‘ಊರು ಎಲ್ಲಾಯ್ತು?’ ಎಂದು ಶುರು. ‘ಮನೆ ದೇವಸ್ಥಾನದಿಂದ ಆಚೆಯೋ ಈಚೆಯೋ?’ ‘ನಿಮ್ಮ ಬರಿ ಯಾವುದು?’ (ಬರಿ ಅಂದರೆ ತುಳುವರ ಕುಲ, ಗೋತ್ರದ ಹಾಗೆ.) ‘ಮೀನು ತಿನ್ತೀರಾ?’ ಅಷ್ಟೇ. ಯಾರಿಗೂ ಬೇಜಾರಿಲ್ಲ. ಬಾಡಿಗೆ ರೂಮು ಕೇಳಲು ಬಂದ ಹುಡುಗನಿಗೆ ಚಾ ಕುಡಿಸಿ, ‘ಈಗಷ್ಟೇ ತಮ್ಮನ ಮಗ ಬರ್ತೇನೆ ಅಂತ ಫೋನ್ ಮಾಡಿದ’ ಎನ್ನುತ್ತಾರೆ. ನಮ್ಮ ಅಮ್ಮ ಇದರಲ್ಲಿ ಎಕ್ಸ್‌ಪರ್ಟ್. ಅಮ್ಮನಿಗೆ ತಮ್ಮನೇ ಇಲ್ಲ.

ಕಾಲೇಜುಗಳಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಎಂದು ಯುಜಿಸಿ 2012ರಲ್ಲೇ ನಿಯಮ ಮಾಡಿತು. ಇಲ್ಲೂ ಕೋಶ ಉಂಟು. ಬೋರ್ಡಿನ ಹಿಂದಿನ ಕೋಣೆಯಲ್ಲಿ ಹಳೆ ಉತ್ತರಪತ್ರಿಕೆ, ಶಾರದಾ ಪೂಜೆಯ ಶಾಮಿಯಾನ. ಅಧಿಕಾರಿ ಒಬ್ಬರು ಮೇಡಂ ಅಂತೆ. ಅದು ಮೇಡಂಗೂ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದ ದಿನವೇ ಗೊತ್ತಾದದ್ದು.

ಅತಿಥಿಗಳ ಭಾಷಣದಲ್ಲಿ, ಮಂಗಳೂರಿನಲ್ಲಿ ದಲಿತರಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರೂ ಬಂದರು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗು ದೊಡ್ಡ ಕೆಲಸ ಸೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂದವರು. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿಟ್ಟಿದ್ದೇವೆ. ಅಲ್ಲಿಗೆ ನಮ್ಮ ಲೆಕ್ಕ ಚುಕ್ತಾ.

ನನಗೆ ತಮಾಷೆ ಸಾಕಾಯ್ತು. ಓದಲಿಕ್ಕೆ ಬಂದ ಹುಡುಗ ಅವನು. ಪುಸ್ತಕ, ಊಟ, ಹಾಸ್ಟೆಲಿನಲ್ಲಿ ಒಂದು ಮಂಚ, ಸಮಯಕ್ಕೆ ಸರಿಯಾಗಿ ಸ್ಕಾಲರ್‌ಶಿಪ್. ಇಷ್ಟು ಕೊಡಲು ಆಗದವರು ಅವನ ಕೊರಳಿಗೆ ಡೋಲು ಕಟ್ಟಿ ಚಪ್ಪಾಳೆ ಹೊಡೆದರು. ನಾಚಿಕೆ ಆಗುವುದಿಲ್ಲವಾ?

ಸೋಮವಾರ ಅವನು ಹಾಲ್ ಟಿಕೆಟ್ ಕೇಳಲು ಆಫೀಸಿಗೆ ಹೋದನಂತೆ.

‘ಫೀಸ್ ಬಾಕಿ ಉಂಟಲ್ಲ?’

‘ಸ್ಕಾಲರ್‌ಶಿಪ್ ಬಂದಿಲ್ಲ ಸರ್.’

‘ಅದು ಮತ್ತೆ ನೋಡುವ. ಡೋಲು ವಾಪಸ್ ಕೊಟ್ಟಿದ್ದೀಯಾ?’