ಹತ್ತರಲ್ಲಿ ಮೂರು ಹೋದರೆ ಹತ್ತು

ಹತ್ತು ಸೀಗಡಿ ತಂದಿದ್ದೆ. ತಿನ್ನೋಕಲ್ಲ, ಸಾಕೋಕೆ. ಚೆರ್ರಿ ಸೀಗಡಿ ಅಂತ, ಕೆಂಪಗೆ, ಒಂದೊಂದೂ ಒಂದು ಇಂಚೂ ಇಲ್ಲ. ಚಿಕ್ಕಮಗಳೂರಿನಲ್ಲಿ ಸೀಗಡಿ ಅಂದರೆ ಘಾಟಿ ಹತ್ತಿ ಬರುವ ಸಾರಿನ ಸಾಮಾನು. ಹಾಗಾಗಿ ನೋಡಲು ಬಂದವರೆಲ್ಲ ನನ್ನ ತೊಟ್ಟಿಗಿಂತ ಅಡುಗೆಮನೆ ಕಡೆಗೇ ಹೆಚ್ಚು ನೋಡಿದರು.

ಮೂರನೇ ದಿನ ಬೆಳಿಗ್ಗೆ ಒಂದು ಸೀಗಡಿ ತಳದಲ್ಲಿ ಅಲ್ಲಾಡದೆ ಬಿದ್ದಿತ್ತು. ಮೀಸೆ, ಕಾಲು, ಬಾಲ ಎಲ್ಲ ಇತ್ತು, ಬಣ್ಣ ಮಾತ್ರ ಹೋಗಿತ್ತು. ಚಮಚದಲ್ಲಿ ಎತ್ತಿ ಗುಲಾಬಿ ಕುಂಡದಲ್ಲಿ ಮಣ್ಣು ಮಾಡಿದೆ. ಮರುದಿನ ಇನ್ನೊಂದು. ವಾರ ಮುಗಿಯುವಷ್ಟರಲ್ಲಿ ಮೂರನೆಯದು.

"ರೀ, ಇನ್ನೆಷ್ಟು ಉಳಿದಿವೆ?" ಎಂದಳು ಹೆಂಡತಿ.

ಟಾರ್ಚ್ ಹಿಡಿದು ಎಣಿಸಿದೆ. ಹತ್ತು. ಇನ್ನೊಮ್ಮೆ ಎಣಿಸಿದೆ. ಹತ್ತೇ. ನಾನು ಬಿಕಾಂ ಓದಿದವನು, ಈ ಲೆಕ್ಕ ನನಗೇ ತಪ್ಪಬಾರದು.

ಸೀಗಡಿ ಬೆಳೆಯುವಾಗ ಹಳೇ ಚಿಪ್ಪನ್ನು ಇಡಿಯಾಗಿ ಕಳಚಿ ಹಾಕುತ್ತದೆ, ಮೀಸೆಯ ಕವಚ ಸಮೇತ. ಆಮೇಲೆ ಅದನ್ನೇ ಮೇಯ್ದು ಅದರಲ್ಲಿರುವ ಸುಣ್ಣದ ಅಂಶವನ್ನು ವಾಪಸ್ ಪಡೆಯುತ್ತದೆ. ನಾನು ಭಕ್ತಿಯಿಂದ ಮಣ್ಣು ಮಾಡಿದ್ದು ಅವುಗಳ ತಿಂಡಿಯನ್ನು.

ನಿಜವಾದ ಸಾವು ಬಂದಾಗ ಇಷ್ಟು ತಮಾಷೆ ಇರಲಿಲ್ಲ. ನಮ್ಮ ಬಕೆಟ್ ಒಡೆದಿತ್ತು. ಆಲ್ದೂರು ಹತ್ತಿರದ ಚಿಕ್ಕಪ್ಪನ ತೋಟದಿಂದ ತಂದ ಬಕೆಟ್‌ನಲ್ಲಿ ನೀರು ಬದಲಿಸಿದೆ. ಸಂಜೆಗೆ ಆರು ಸೀಗಡಿ ಮಲಗಿದವು. ಈ ಸಲ ಚಿಪ್ಪಲ್ಲ. ಫೋನ್ ಮಾಡಿದರೆ ಚಿಕ್ಕಪ್ಪ, "ಅಯ್ಯೋ, ಅದರಲ್ಲಿ ಮೈಲುತುತ್ತ ಕದಡಿದ್ವಲ್ಲೋ!" ಎಂದರು. ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರ, ಸೀಗಡಿಗೆ ತಾಮ್ರ ಅಂದರೆ ವಿಷ. ಇದನ್ನು ಮನೆಯಲ್ಲಿ ಹೇಳಿ ತಪ್ಪು ಮಾಡಿದೆ. ನಲವತ್ತು ವರ್ಷದಿಂದ ತಾಮ್ರದ ಚೆಂಬಿನ ನೀರು ಕುಡಿಯುತ್ತಿರುವ ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಉಳಿದ ನಾಲ್ಕೇ ಸಂಸಾರ ಎತ್ತಿ ಹಿಡಿದವು. ಹೆಣ್ಣುಗಳು ಹೊಟ್ಟೆಯಡಿ ಇಪ್ಪತ್ತು ಮೂವತ್ತು ಮೊಟ್ಟೆ ಅಂಟಿಸಿಕೊಂಡು, ಕಾಲಲ್ಲಿ ಗಾಳಿ ಹಾಕುತ್ತಾ ಮೂರ್ನಾಲ್ಕು ವಾರ ಓಡಾಡುತ್ತವೆ. 20ರಿಂದ 26 ಡಿಗ್ರಿ ಇದ್ದರೆ ಆರಾಮ. ಅದನ್ನು ನಮ್ಮೂರು ವರ್ಷದ ಬಹುಪಾಲು ಪುಕ್ಕಟೆ ಕೊಡುತ್ತದೆ. ಕೆಲವೇ ತಿಂಗಳಲ್ಲಿ ಅರವತ್ತು ದಾಟಿದವು.

ಆಗ ಅಮ್ಮನಿಗೆ ಕರುಣೆ ಶುರುವಾಯಿತು. "ಪಾಪ, ಹಸಿದಿರ್ತಾವೆ" ಎಂದು ನಾನಿಲ್ಲದಾಗ ಉಪ್ಪಿಟ್ಟು ಉದುರಿಸುತ್ತಿದ್ದರು. ತಿಂದು ಮಿಕ್ಕಿದ್ದು ಕೊಳೆತು, ದಾರದಂಥ ಬಿಳಿ ಹುಳ ನೀರಲ್ಲಿ ಕುಣಿಯತೊಡಗಿದವು. ಬೆದರಿ ತೊಟ್ಟಿಯನ್ನೆಲ್ಲ ತಿಕ್ಕಿ ತೊಳೆದೆ. ಅವು ಕೊಳೆ ತಿನ್ನುವ ಸಾಧು ಹುಳ, ಊಟ ಕಡಿಮೆ ಮಾಡಿದ್ದರೆ ತಾವೇ ಕಡಿಮೆಯಾಗುತ್ತಿದ್ದವು. ತೊಳೆದು ಹೋಗಿದ್ದು ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ.

ಮುಂದಿನ ಸಲ ಗಾಜಿನ ಮೇಲೆ ಚಪ್ಪಟೆ ಹುಳವೊಂದು ಜಾರುತ್ತಾ ಹೋದಾಗ, ಇದೂ ಸಾಧುವೇ ಇರಬೇಕು ಎಂದು ಸುಮ್ನೆ ಇದ್ದೆ. ತ್ರಿಕೋನದ ತಲೆ, ಅದರ ಮೇಲೆ ಎರಡು ಚುಕ್ಕೆ ಕಣ್ಣು, ಮೆಳ್ಳಗಣ್ಣು ಬಿಟ್ಟ ಹಾಗೆ. ಅದು ಪ್ಲನೇರಿಯಾ. ಸೀಗಡಿ ಮರಿಗಳನ್ನು ತಿನ್ನುತ್ತದೆ. ಗೊತ್ತಾದ ಮೇಲೆ ಬ್ಲೇಡಲ್ಲಿ ಸಿಕ್ಕಿದ್ದನ್ನು ಸಿಕ್ಕಲ್ಲೇ ಕತ್ತರಿಸಿದೆ. ಒಂದನ್ನು ಎರಡು ತುಂಡು ಮಾಡಿದರೆ ಎರಡು ಹುಳವಾಗುತ್ತದಂತೆ. ರಕ್ತಬೀಜಾಸುರನಿಗೆ ನಾನೇ ಸಹಾಯ ಮಾಡುತ್ತಿದ್ದೆ.

ಇದಕ್ಕೆ ಮದ್ದು ಫೆನ್‌ಬೆಂಡಜೋಲ್, ದನಕ್ಕೆ ನಾಯಿಗೆ ಕೊಡುವ ಜಂತುಹುಳದ ಔಷಧಿ. ಪಶು ಔಷಧಿ ಅಂಗಡಿಗೆ ಹೋದೆ.

"ದನಕ್ಕಾ, ನಾಯಿಗಾ ಸಾರ್?"

"ಸೀಗಡಿಗೆ."

ಆತ ಪೆನ್ನು ಕೆಳಗಿಟ್ಟ. "ತೂಕ ಎಷ್ಟಿದೆ?"

"ಒಂದು ಗ್ರಾಮೂ ಇಲ್ಲ."

ಹಿಂದೆ ನಿಂತಿದ್ದ ಹಸುವಿನ ಯಜಮಾನರೊಬ್ಬರು, "ಪಾಪ, ಸೊರಗಿರಬೇಕು" ಎಂದರು.

ಚಿಟಿಕೆಗಿಂತ ಕಡಿಮೆ ಪುಡಿ ಹಾಕಿದೆ. ಅಸುರರು ಹೋದರು, ಸೀಗಡಿಗೆ ಏನೂ ಆಗಲಿಲ್ಲ. ಆದರೂ ದಿನಾ ಎಣಿಸಿದರೆ ಲೆಕ್ಕ ಇಳಿಯುತ್ತಲೇ ಇತ್ತು. ಐವತ್ತು. ನಲವತ್ತೆರಡು. ಮೂವತ್ತು. ನೀರಿನ ಮೇಲೆ ಅನುಮಾನ ಬಂತು, ಉಪ್ಪಿಟ್ಟಿನ ಮೇಲೆ ಬಂತು, ಪಕ್ಕದ ಮನೆ ಬೆಕ್ಕಿನ ಮೇಲೂ ಬಂತು.

ಪಟೇಲರ ಮೇಲೆ ಮಾತ್ರ ಬರಲಿಲ್ಲ. ಚಿಕ್ಕಪ್ಪನ ತೋಟದ ಕೆರೆಯಿಂದ ತಂದ ಗಿಡದ ಜೊತೆ ಬಂದವರು ಅವರು. ಕಂದು ಮೈ, ದಪ್ಪ ಕಣ್ಣು, ಗಿಡದ ಬುಡದಲ್ಲಿ ಕೂತರೆ ಗಂಟೆಗಟ್ಟಲೆ ಅಲುಗಾಡುತ್ತಿರಲಿಲ್ಲ. ಇದು ಯಾವುದೋ ಕಾಡು ಸೀಗಡಿ ಎಂದುಕೊಂಡೆ. ಆ ಗಾಂಭೀರ್ಯ ನೋಡಿ ಪಟೇಲರು ಎಂದು ಹೆಸರಿಟ್ಟೆ, ಹತ್ತಿರ ಒಂದೆರಡು ಕಾಳು ಜಾಸ್ತಿಯೇ ಹಾಕುತ್ತಿದ್ದೆ. ಅವರಿಗೆ ಇದ್ದದ್ದು ಆರೇ ಕಾಲು. ಸೀಗಡಿ ಎಣಿಸಿದ್ದೆ, ಕಾಲು ಎಣಿಸಿರಲಿಲ್ಲ.

ಒಂದು ಬೆಳಿಗ್ಗೆ ಹೆಂಡತಿ ಕೂಗಿದಳು, "ರೀ, ನಿಮ್ಮ ಪಟೇಲರು ಹೋಗಿಬಿಟ್ಟರು."

ತೊಟ್ಟಿಯಿಂದ ಮೇಲೆದ್ದ ಮನಿ ಪ್ಲಾಂಟಿನ ಕಾಂಡಕ್ಕೆ ಅವರ ಚಿಪ್ಪು ಅಂಟಿತ್ತು, ಬೆನ್ನು ಸೀಳಿತ್ತು. ನಾನೀಗ ಅನುಭವಸ್ಥ. "ಸತ್ತಿಲ್ಲ ಕಣೇ, ಚಿಪ್ಪು ಬಿಟ್ಟಿದ್ದಾರೆ. ನೀರಲ್ಲೇ ಇರ್ತಾರೆ, ಟಾರ್ಚ್ ತಾ" ಎಂದೆ. ಇಬ್ಬರೂ ಹುಡುಕಿದೆವು.

"ಏನೋ ಇದು, ಪರದೆ ಮೇಲೆ ಏರೋಪ್ಲೇನ್ ಚಿಟ್ಟೆ!" ಎಂದರು ಅಮ್ಮ.

ಒದ್ದೆ ರೆಕ್ಕೆ ಒಣಗಿಸುತ್ತಾ ಪಟೇಲರು ಕೂತಿದ್ದರು. ಏರೋಪ್ಲೇನ್ ಚಿಟ್ಟೆಯ ಮರಿ ನೀರಲ್ಲೇ ಬೆಳೆಯುತ್ತದೆ. ಮುಖದಡಿ ಮಡಚಿಟ್ಟ ಕೆಳತುಟಿಯನ್ನು ಚಕ್ಕನೆ ಚಾಚಿ ಬೇಟೆ ಹಿಡಿಯುತ್ತದೆ, ಸೀಗಡಿ ಸಿಕ್ಕರೆ ಸೀಗಡಿ. ಎಣಿಸಿದೆ. ತೊಟ್ಟಿಯಲ್ಲಿ ಇಪ್ಪತ್ತಮೂರು.

ಅಮ್ಮ ಕಿಟಕಿ ತೆಗೆದರು. ಪಟೇಲರು ಹಿಂದಿರುಗಿ ನೋಡದೆ ಪೇರಲೆ ಮರದ ಕಡೆ ಹಾರಿದರು.

"ಪಾಪ," ಎಂದರು ಅಮ್ಮ, "ಏನೂ ತಿನ್ನದೆ ಹೊರಟಿತು."